ಮೂರ್ಛೆರೋಗವಿರುವವರೊಡನೆ ಇಂಗ್ಲೆಂಡಿಗೆ ಬಂದ ಕುಟುಂಬಗಳಿಗೆ: ನೆರವು ಎಲ್ಲೆಲ್ಲಿ ಸಿಗುತ್ತದೆ

ಈ ದೇಶಕ್ಕೆ ಬಂದು ಮೂರು ವಾರವಾಗಿದ್ದ ಒಬ್ಬ ತಂದೆ ಕಳೆದ ಚಳಿಗಾಲದಲ್ಲಿ ನಮ್ಮ ಮನೆಗೆ ಬಂದು, ಜೇಬಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದು ಊಟದ ಮೇಜಿನ ಮೇಲಿಟ್ಟರು. ಅದರಲ್ಲಿ ಉಳಿದಿದ್ದವು ನಾಲ್ಕೇ ಮಾತ್ರೆ. ಮಗಳಿಗೆ ದಿನಕ್ಕೆ ಎರಡು ಬೇಕು. ಊರಿನಲ್ಲಿದ್ದಾಗ ಬೀದಿಯ ಮೆಡಿಕಲ್ ಶಾಪಿನಲ್ಲಿ ಹಳೆಯ ಚೀಟಿ ತೋರಿಸಿದರೆ ಸಾಕಾಗುತ್ತಿತ್ತು. ಇಲ್ಲಿಯ ಅಂಗಡಿಯವರು 'ಎಪ್ಟಾಯಿನ್' ಎಂಬ ಹೆಸರನ್ನೇ ಕೇಳಿರಲಿಲ್ಲ, ಮೇಲಾಗಿ ಇಲ್ಲಿಯ ವೈದ್ಯರ ಚೀಟಿಯಿಲ್ಲದೆ ಕೊಡುವಂತೆಯೂ ಇರಲಿಲ್ಲ. ಆ ಕುಟುಂಬ ಅಷ್ಟರವರೆಗೆ ಯಾವ ವೈದ್ಯರಲ್ಲೂ ಹೆಸರು ನೋಂದಾಯಿಸಿರಲಿಲ್ಲ. ಮಗಳಿಗೆ ಫಿಟ್ಸ್ ಬರುತ್ತದೆಂದು ತಿಳಿದರೆ ಶಾಲೆಯವರು ಏನೆನ್ನುವರೋ, ವೀಸಾಕ್ಕೆ ತೊಂದರೆಯಾದೀತೋ ಎಂಬ ಅಂಜಿಕೆಯಿಂದ ಅವರು ಯಾರಿಗೂ ಹೇಳದೆ ಇದ್ದುಬಿಟ್ಟಿದ್ದರು.

ಈ ಮಾರ್ಗದರ್ಶಿಯಲ್ಲಿ ನಾವು ಮತ್ತೆ ಮತ್ತೆ ಹೇಳುವುದು ಒಂದೇ ಮಾತು: ಬಂದ ಮೊದಲ ವಾರದಲ್ಲಿಯೇ ಕಾಯಿಲೆಯ ವಿಷಯವನ್ನು ಮುಚ್ಚಿಡದೆ ಹೇಳಿ. ಈ ದೇಶದಲ್ಲಿ ಮೂರ್ಛೆರೋಗಕ್ಕೆ ಸಿಗುವ ಬಹುತೇಕ ಎಲ್ಲ ನೆರವೂ, ನೀವು ಅದನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಶುರುವಾಗುತ್ತದೆ.

ಹೇಳಬೇಕಾದ ಮೊದಲ ಜಾಗ ಮನೆಯ ಹತ್ತಿರದ ಜಿ.ಪಿ. (ಕುಟುಂಬ ವೈದ್ಯರ) ಸರ್ಜರಿ. ಸರ್ಜರಿ ಎಂದರೆ ಇಲ್ಲಿ ಶಸ್ತ್ರಚಿಕಿತ್ಸೆಯಲ್ಲ, ನಮ್ಮ ಕಡೆಯ ಕ್ಲಿನಿಕ್ ಇದ್ದ ಹಾಗೆ. ವಿಳಾಸದ ಪುರಾವೆಯಾಗಲಿ ವೀಸಾದ ಕಾಗದವಾಗಲಿ ಇಲ್ಲದಿದ್ದರೂ ನೋಂದಾಯಿಸಿಕೊಳ್ಳಬಹುದು. ಅವಿಲ್ಲವೆಂದು ಯಾರಾದರೂ ವಾಪಸು ಕಳಿಸಿದರೆ ನಮಗೆ ತಿಳಿಸಿ, ಜೊತೆಯಲ್ಲಿ ಬರುತ್ತೇವೆ. ಊರಿನ ವೈದ್ಯರ ಪತ್ರ, ಇ.ಇ.ಜಿ. ಮತ್ತು ಎಂ.ಆರ್.ಐ. ವರದಿಗಳು, ಫಿಟ್ಸ್ ಬಂದ ದಿನಾಂಕಗಳನ್ನು ಬರೆದಿಟ್ಟ ಪುಸ್ತಕ ಮತ್ತು ಮಾತ್ರೆಯ ಸ್ಟ್ರಿಪ್‌ಗಳನ್ನು ಒಂದೇ ಫೈಲಿನಲ್ಲಿಟ್ಟುಕೊಂಡು ಹೋಗಿ. ಭಾರತದ ಬ್ರಾಂಡ್ ಹೆಸರುಗಳು ಇಲ್ಲಿ ಪರಿಚಯವಿಲ್ಲದ ಕಾರಣ, ಸ್ಟ್ರಿಪ್ಪಿನ ಮೇಲೆ ಸಣ್ಣ ಅಕ್ಷರಗಳಲ್ಲಿರುವ ಔಷಧದ ಮೂಲ ಹೆಸರನ್ನೂ ಮಿಲಿಗ್ರಾಂ ಪ್ರಮಾಣವನ್ನೂ ಬೇರೆ ಕಾಗದದಲ್ಲಿ ಬರೆದುಕೊಳ್ಳಿ: ಎಪ್ಟಾಯಿನ್ ಎಂದರೆ ಫೆನಿಟಾಯಿನ್, ಲೆವಿಪಿಲ್ ಎಂದರೆ ಲೆವೆಟಿರಾಸೆಟಮ್, ವಾಲ್‌ಪಾರಿನ್ ಎಂದರೆ ವಾಲ್‌ಪ್ರೊಯೇಟ್. ಫೆನಿಟಾಯಿನ್, ಕಾರ್ಬಮಜೆಪೈನ್, ಫಿನೋಬಾರ್ಬಿಟಲ್‌ನಂತಹ ಕೆಲವು ಔಷಧಗಳನ್ನು ಪ್ರತಿ ಸಲವೂ ಒಂದೇ ತಯಾರಕರದ್ದನ್ನೇ ಕೊಡಬೇಕೆಂಬುದು ಇಲ್ಲಿಯ ಔಷಧ ನಿಯಂತ್ರಣ ಸಂಸ್ಥೆಯ ಸೂಚನೆ. ಆದ್ದರಿಂದ ಪೊಟ್ಟಣದ ಬಣ್ಣವೋ ಹೆಸರೋ ಬದಲಾಗಿ ಕಂಡರೆ, ಅಂಗಡಿಯಿಂದ ಹೊರಡುವ ಮೊದಲೇ ಫಾರ್ಮಸಿಸ್ಟರನ್ನು ಕೇಳಲು ಸಂಕೋಚಪಡಬೇಡಿ. ಮಾತ್ರೆ ಮುಗಿಯುತ್ತ ಬಂದು ಜಿ.ಪಿ. ಸಿಗದಿದ್ದರೆ ಸರ್ಕಾರಿ ಆರೋಗ್ಯ ಸಲಹೆಯ ಸಂಖ್ಯೆ 111ಕ್ಕೆ ಕರೆ ಮಾಡಿ. ಒಂದು ಹೊತ್ತಿನ ಮಾತ್ರೆ ತಪ್ಪಿದರೂ ಫಿಟ್ಸ್ ಬರಬಹುದು.

ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಚೀಟಿಯಲ್ಲಿರುವ ಪ್ರತಿಯೊಂದು ಔಷಧಕ್ಕೂ ಹಣ ಕಟ್ಟಬೇಕು. ಆದರೆ ಮೂರ್ಛೆರೋಗಕ್ಕೆ ನಿತ್ಯವೂ ಔಷಧ ತೆಗೆದುಕೊಳ್ಳುವವರಿಗೆ ಎಲ್ಲ ಔಷಧಗಳೂ ಉಚಿತ, ನೆಗಡಿಗೆಂದು ಜಿ.ಪಿ. ಬರೆದುಕೊಟ್ಟದ್ದೂ ಸೇರಿ. ಇದಕ್ಕಾಗಿ ಸರ್ಜರಿಯಲ್ಲಿ ಎಫ್‌ಪಿ92ಎ ಎಂಬ ಅರ್ಜಿಯನ್ನು ಕೇಳಿ ಪಡೆಯಬೇಕು. ಅದರಿಂದ ಬರುವ ವಿನಾಯಿತಿ ಪತ್ರ ಸಾಮಾನ್ಯವಾಗಿ 5 ವರ್ಷ ನಡೆಯುತ್ತದೆ. ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನಲ್ಲಿ ಈ ಪತ್ರದ ಅಗತ್ಯವೇ ಇಲ್ಲ, ಅಲ್ಲಿ ಚೀಟಿಯ ಔಷಧ ಎಲ್ಲರಿಗೂ ಉಚಿತ.

ಜಿ.ಪಿ. ನಿಮ್ಮನ್ನು ಆಸ್ಪತ್ರೆಯ ನರರೋಗ ತಜ್ಞರಿಗೆ ಬರೆದು ಕಳಿಸುತ್ತಾರೆ. ಮೊದಲ ಬಾರಿ ಫಿಟ್ಸ್ ಬಂದವರನ್ನು ಎರಡು ವಾರದೊಳಗೆ ತಜ್ಞರು ನೋಡಬೇಕೆಂದು ಇಲ್ಲಿಯ ಮಾರ್ಗಸೂಚಿ ಹೇಳುತ್ತದೆ. ಹಳೆಯ ಕಾಯಿಲೆಯವರು ತಿಂಗಳುಗಟ್ಟಲೆ ಕಾಯಬೇಕಾಗಬಹುದು. ತಜ್ಞರಿಗಿಂತ ನಿಮಗೆ ಹೆಚ್ಚು ಆಸರೆಯಾಗುವವರು ಎಪಿಲೆಪ್ಸಿ ಸ್ಪೆಷಲಿಸ್ಟ್ ನರ್ಸ್. ನಮ್ಮ ಕಡೆ ಇಂಥ ಹುದ್ದೆ ಅಪರೂಪವಾದ್ದರಿಂದ ನಮ್ಮವರು ಇವರನ್ನು ಕೇಳುವುದೇ ಇಲ್ಲ. ಮಾತ್ರೆ ತಪ್ಪಿದರೆ ಏನು ಮಾಡಬೇಕು, ಏಕಾದಶಿಯ ಉಪವಾಸ ಮಾಡಬಹುದೇ, ಶಿವರಾತ್ರಿಯ ಜಾಗರಣೆಯಿಂದ ನಿದ್ದೆಗೆಟ್ಟರೆ ಅಪಾಯವೇ ಎಂಬಂಥ ಪ್ರಶ್ನೆಗಳನ್ನು ಫೋನಿನಲ್ಲಿಯೇ ಕೇಳಲು ಇವರೇ ಸರಿಯಾದವರು. ಮೊದಲ ಭೇಟಿಯಲ್ಲಿಯೇ ಅವರ ಹೆಸರು, ಫೋನ್ ಸಂಖ್ಯೆ ಬರೆಸಿಕೊಳ್ಳಿ. ಮನೆಯ ಹಿರಿಯರಿಗೆ ಇಂಗ್ಲಿಷ್ ಬಾರದಿದ್ದರೆ, ಕನ್ನಡದ ದುಭಾಷಿ ಬೇಕೆಂದು ಸಮಯ ಗೊತ್ತುಮಾಡುವಾಗಲೇ ಹೇಳಿ. ಅದಕ್ಕೆ ಹಣ ಕೊಡಬೇಕಿಲ್ಲ. ಅಜ್ಜಿಯ ಕಾಯಿಲೆಯನ್ನು ಮೊಮ್ಮಗನ ಬಾಯಲ್ಲಿ ಹೇಳಿಸಬೇಡಿ.

ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿರುವ ಹೆಣ್ಣುಮಕ್ಕಳ ವಿಷಯದಲ್ಲಿ ಇಲ್ಲಿಯ ನಿಯಮಗಳು ತುಂಬ ಕಟ್ಟುನಿಟ್ಟು, ಏಕೆಂದರೆ ಅದು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ವೈದ್ಯರು ಗರ್ಭನಿರೋಧದ ಬಗ್ಗೆ ನೇರವಾಗಿ ಕೇಳಿದರೆ ಬೇಸರಪಟ್ಟುಕೊಳ್ಳಬೇಡಿ, ಹೆದರಿ ಮಾತ್ರೆಯನ್ನು ನೀವೇ ನಿಲ್ಲಿಸಲೂ ಬೇಡಿ.

ಆಸ್ಪತ್ರೆಯ ಹೊರಗಿನ ನೆರವಿಗೆ ಲೀಡ್ಸ್ ನಗರದ ಎಪಿಲೆಪ್ಸಿ ಆಕ್ಷನ್ ಇದೆ. 1950ರಲ್ಲಿ ಆರಂಭವಾದ ಈ ಸಂಸ್ಥೆಯ ಉಚಿತ ಸಹಾಯವಾಣಿ 0808 800 5050. ಊರೂರುಗಳಲ್ಲಿಯೂ ಆನ್‌ಲೈನಿನಲ್ಲಿಯೂ ಕಾಯಿಲೆಯಿರುವವರು ಒಟ್ಟಿಗೆ ಕುಳಿತು ಮಾತಾಡುವ ಗುಂಪುಗಳನ್ನು ಇದು ನಡೆಸುತ್ತದೆ. ಬಕಿಂಗ್‌ಹ್ಯಾಮ್‌ಶೈರಿನ ಚಾಲ್‌ಫಂಟ್‌ನಲ್ಲಿರುವ ಎಪಿಲೆಪ್ಸಿ ಸೊಸೈಟಿ 1892ರಷ್ಟು ಹಳೆಯದು; ಅದರ ಸಹಾಯವಾಣಿ 01494 601 400. ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಸರ್‍ರೆಯ ಲಿಂಗ್‌ಫೀಲ್ಡಿನಲ್ಲಿ ಯಂಗ್ ಎಪಿಲೆಪ್ಸಿ ಇದೆ. ಮೊದಲ ಕರೆಗೆ ಧೈರ್ಯ ಸಾಲದಿದ್ದರೆ ನಮ್ಮ ಸ್ವಯಂಸೇವಕರೊಬ್ಬರು ಪಕ್ಕದಲ್ಲಿ ಕುಳಿತಿರುತ್ತಾರೆ.

ಕಾರು ಓಡಿಸುವವರು ಒಂದು ವಿಷಯವನ್ನು ಮರೆಯುವಂತಿಲ್ಲ. ಫಿಟ್ಸ್ ಬಂದ ಕೂಡಲೇ ಓಡಿಸುವುದನ್ನು ನಿಲ್ಲಿಸಿ, ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆಯಾದ ಡಿ.ವಿ.ಎಲ್.ಎ.ಗೆ ತಿಳಿಸಬೇಕು. ಮೂರ್ಛೆರೋಗವಿದ್ದವರಿಗೆ ಸಾಮಾನ್ಯವಾಗಿ 12 ತಿಂಗಳು ಫಿಟ್ಸ್ ಇಲ್ಲದಿದ್ದರೆ ಮಾತ್ರ ಕಾರಿನ ಲೈಸೆನ್ಸ್ ಸಿಗುತ್ತದೆ. ತಿಳಿಸದಿದ್ದರೆ 1000 ಪೌಂಡಿನವರೆಗೆ ದಂಡವಿದೆ. ಭಾರತದ ಲೈಸೆನ್ಸಿನ ಮೇಲೆ ಓಡಿಸುತ್ತೇವೆ ಎಂಬ ಕಾರಣಕ್ಕೆ ಸುಮ್ಮನಿರಬೇಡಿ. ಹೀಗೆ ಲೈಸೆನ್ಸ್ ಸಿಗದವರು ಸ್ಥಳೀಯ ಕೌನ್ಸಿಲ್‌ನಿಂದ ಉಚಿತ ಬಸ್ ಪಾಸಿಗೆ ಅರ್ಜಿ ಹಾಕಬಹುದು. ಇದು ಅನೇಕರಿಗೆ ಗೊತ್ತೇ ಇಲ್ಲ.

ಆದರೆ ದೀರ್ಘ ಕಾಯಿಲೆಯಿರುವ ದೊಡ್ಡವರಿಗೆ ಸಿಗುವ ಪಿ.ಐ.ಪಿ., ಅಂಥ ಮಕ್ಕಳಿಗೆ ಸಿಗುವ ಡಿ.ಎಲ್.ಎ., ಕಡಿಮೆ ಆದಾಯದವರಿಗೆ ಸಿಗುವ ಯೂನಿವರ್ಸಲ್ ಕ್ರೆಡಿಟ್‌ನಂತಹ ಸರ್ಕಾರಿ ಭತ್ಯೆಗಳ ವಿಷಯದಲ್ಲಿ ಎಚ್ಚರವಿರಲಿ. ಕೆಲಸದ ಅಥವಾ ಓದಿನ ವೀಸಾದ ಮೇಲೆ ಬಂದವರಿಗೆ ಸಾಮಾನ್ಯವಾಗಿ ಸಾರ್ವಜನಿಕ ನಿಧಿಯಿಂದ ಹಣ ಪಡೆಯಬಾರದೆಂಬ ಷರತ್ತಿರುತ್ತದೆ. ಅದನ್ನು ಮೀರಿದರೆ ಮುಂದಿನ ವೀಸಾಕ್ಕೆ ತೊಂದರೆಯಾಗುತ್ತದೆ. ಎನ್.ಎಚ್.ಎಸ್. ಎಂಬ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯ ಚಿಕಿತ್ಸೆ ಈ ನಿಧಿಯ ಲೆಕ್ಕಕ್ಕೆ ಬರುವುದಿಲ್ಲ. ವೀಸಾದ ಜೊತೆ ಆರೋಗ್ಯ ಶುಲ್ಕ ಕಟ್ಟಿದವರು ಅಂಜಿಕೆಯಿಲ್ಲದೆ ಆಸ್ಪತ್ರೆಗೆ ಹೋಗಬಹುದು.

ಶಾಲೆಗೆ ಹೇಳಿದರೆ ಮಗುವನ್ನು ಹೊರಗಿಡುತ್ತಾರೆಂಬ ಭಯ ಬೇಡ. 2014ರ ಮಕ್ಕಳು ಮತ್ತು ಕುಟುಂಬಗಳ ಕಾಯಿದೆಯ ಪ್ರಕಾರ ಇಂಗ್ಲೆಂಡಿನ ಸರ್ಕಾರಿ ಶಾಲೆಗಳು ಇಂಥ ಮಕ್ಕಳಿಗೆ ನೆರವಿನ ವ್ಯವಸ್ಥೆ ಮಾಡಲೇಬೇಕು. ಫಿಟ್ಸ್ ಬಂದರೆ ಯಾರು ಏನು ಮಾಡಬೇಕು, ಅದನ್ನು ನಿಲ್ಲಿಸಲು ಕೆನ್ನೆಯ ಒಳಗೆ ಹಾಕುವ ಮಿಡಜೋಲಾಮ್ ಎಂಬ ತುರ್ತು ಔಷಧ ಎಲ್ಲಿರುತ್ತದೆ ಎಂಬುದನ್ನೆಲ್ಲ ನರ್ಸ್, ಶಿಕ್ಷಕರು ಮತ್ತು ನೀವು ಸೇರಿ ಬರೆದಿಡಬಹುದು. ಉದ್ಯೋಗದಲ್ಲಿ 2010ರ ಸಮಾನತಾ ಕಾಯಿದೆಯ ರಕ್ಷಣೆಯಿದೆ. ನಮ್ಮ ದೇಶದಲ್ಲಿಯೂ ಮೂರ್ಛೆರೋಗ ಮದುವೆಗೆ ಅಡ್ಡಿಯೆಂದು ಹಿಂದೂ ವಿವಾಹ ಕಾಯಿದೆಯಲ್ಲಿದ್ದ ಮಾತನ್ನು 1999ರಲ್ಲಿಯೇ ತೆಗೆದುಹಾಕಲಾಗಿದೆ. ಮಗಳ ಮದುವೆಯ ಚಿಂತೆಯಿಂದ ಅವಳ ಕಾಯಿಲೆಯನ್ನು ಮುಚ್ಚಿಡುವ ತಾಯಂದಿರಿಗೆ ನಾವು ಇದನ್ನು ತಪ್ಪದೆ ಹೇಳುತ್ತೇವೆ.

ಮನೆಯೊಳಗೆ ನಮ್ಮವರಿಗೆ ಹೊಸದಾದ ಅಪಾಯವೆಂದರೆ ಬಾತ್‌ಟಬ್. ಊರಿನಲ್ಲಿ ಬಕೆಟ್ಟು, ಚೊಂಬಿನಲ್ಲಿ ಸ್ನಾನ ಮಾಡಿದವರು ಇಲ್ಲಿ ತುಂಬಿದ ನೀರಿನಲ್ಲಿ ಮಲಗುತ್ತಾರೆ. ಆಗ ಫಿಟ್ಸ್ ಬಂದರೆ ಅಷ್ಟು ನೀರೇ ಸಾಕು. ಶವರ್ ಬಳಸಿ, ಒಳಗಿನಿಂದ ಚಿಲಕ ಹಾಕಬೇಡಿ. ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಯಾವುದೂ ಬೇಡ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಗಡಿಯಾರ ನೋಡಿ, ಅದುರುವುದು ನಿಂತ ಮೇಲೆ ಮಗ್ಗುಲಿಗೆ ಮಲಗಿಸಿ. ಐದು ನಿಮಿಷ ದಾಟಿದರೆ, ಉಸಿರಾಟ ಸರಿಯಿಲ್ಲದಿದ್ದರೆ, ಅಥವಾ ಅದು ಜೀವನದ ಮೊದಲ ಫಿಟ್ಸ್ ಆಗಿದ್ದರೆ, ತುರ್ತು ಸೇವೆಯ 999ಕ್ಕೆ ಕರೆ ಮಾಡಿ.

ಊರಿಗೆ ಹೋಗುವಾಗ ಮಾತ್ರೆಗಳನ್ನು ಅವುಗಳ ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಪತ್ರದೊಡನೆ, ಕೈಚೀಲದಲ್ಲಿ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆಯ ಅಂತರವಿರುವುದರಿಂದ, ಯಾವ ದಿನ ಎಷ್ಟು ಹೊತ್ತಿಗೆ ಮಾತ್ರೆ ನುಂಗಬೇಕೆಂಬುದನ್ನು ಹೊರಡುವ ಮೊದಲೇ ನರ್ಸ್‌ರಿಂದ ಬರೆಸಿಕೊಂಡು ಟಿಕೆಟ್ಟಿನ ಜೊತೆಗೆ ಇಡಿ.