ಬಣ್ಣ ಹೋದರೆ ಸಾಲದು: ಬೆಳಕಿನ ಇಂಧನ ಕೋಶದಲ್ಲಿ ಮಾಲಿನ್ಯ ಒಡೆದ ನನ್ನ ಅನುಭವ

ನೀರಿನಲ್ಲಿರುವ ಸಾವಯವ ಮಾಲಿನ್ಯವೇ ಈ ಕೋಶದ ಇಂಧನ. ಆನೋಡಿನ ಮೇಲಿರುವ ಟೈಟಾನಿಯಂ ಡೈಆಕ್ಸೈಡ್ ಪದರಕ್ಕೆ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಮೇಲೇಳುತ್ತದೆ, ಅದಿದ್ದ ಜಾಗದಲ್ಲಿ ರಂಧ್ರ, ಅಂದರೆ ಧನ ಆವೇಶದ ಖಾಲಿ ಜಾಗ, ಉಳಿಯುತ್ತದೆ. ರಂಧ್ರ ಮಾಲಿನ್ಯವನ್ನು ಒಡೆಯುತ್ತದೆ. ಎಲೆಕ್ಟ್ರಾನ್ ತಂತಿಯಲ್ಲಿ ಹರಿದು ಕ್ಯಾಥೋಡಿಗೆ ಹೋಗಿ ಆಮ್ಲಜನಕವನ್ನು ನೀರಾಗಿಸುತ್ತದೆ. ಟೈಟಾನಿಯಂ ಡೈಆಕ್ಸೈಡಿನ ಅನಟೇಸ್ ಎಂಬ ಸ್ಫಟಿಕ ರೂಪದಲ್ಲಿ ಎಲೆಕ್ಟ್ರಾನ್ ಎಬ್ಬಿಸಲು 3.2 ಎಲೆಕ್ಟ್ರಾನ್ ವೋಲ್ಟ್ ಬೇಕು, ಅಂದರೆ ತರಂಗಾಂತರ 387 ನ್ಯಾನೋಮೀಟರ್ ದಾಟಬಾರದು. ನಾನು ಬಳಸುವುದು 365ರ ಎಲ್‌ಇಡಿ. ಕಣ್ಣಿಗೆ ಮಂಕಾಗಿ ಕಂಡರೂ ಅಪಾಯಕಾರಿ, ಯುವಿ (ನೇರಳಾತೀತ ಕಿರಣ) ತಡೆಯುವ ಕನ್ನಡಕ ಹಾಕದೆ ಹೊತ್ತಿಸಬೇಡಿ.

ಆನೋಡಿಗೆ 2.5 × 5 ಸೆಂ.ಮೀ. ಎಫ್‌ಟಿಒ ಗಾಜು (ಒಂದು ಮುಖಕ್ಕೆ ಫ್ಲೋರಿನ್ ಬೆರೆತ ತವರದ ಆಕ್ಸೈಡಿನ ವಾಹಕ ಲೇಪ ಇರುವಂಥದ್ದು) ಸಾಕು. ಇಂಡಿಯಂ-ತವರ ಆಕ್ಸೈಡ್ ಲೇಪದ ಐಟಿಒ ಬೇಡ, ಕುಲುಮೆಯ ಬಿಸಿಗೆ ಅದರ ರೋಧ ಏರಿಬಿಡುತ್ತದೆ. ವಾಹಕ ಮುಖ ಯಾವುದೆಂದು ಮೊದಲು ಮಲ್ಟಿಮೀಟರಿನಲ್ಲಿ ನೋಡಿಕೊಳ್ಳಿ. 2 ಗ್ರಾಂ ಪಿ25 (ನ್ಯಾನೋ ಕಣಗಳ ಟೈಟಾನಿಯಂ ಡೈಆಕ್ಸೈಡ್) ಪುಡಿಗೆ ಪಿಎಚ್ 3–4ರ ದುರ್ಬಲ ಅಸಿಟಿಕ್ ಆಮ್ಲವನ್ನು ಅರ್ಧರ್ಧ ಮಿಲಿಯಂತೆ ಒಟ್ಟು 3 ಮಿಲಿ ಹಾಕುತ್ತಾ ಖಲ್ಲಿನಲ್ಲಿ ಅರೆಯುತ್ತೇನೆ. ಕೊನೆಗೆ ಒಂದು ಹನಿ ಟ್ರೈಟಾನ್ (ಪೇಸ್ಟ್ ಸಮವಾಗಿ ಹರಡಲು ಸಾಬೂನಿನಂಥ ದ್ರವ). ಆಮ್ಲವನ್ನು ಒಮ್ಮೆಗೇ ಸುರಿದರೆ ಗಂಟು ಒಡೆಯುವುದೇ ಇಲ್ಲ. ತಂತಿಗೆಂದು ಒಂದು ಸೆಂಟಿಮೀಟರ್ ಖಾಲಿ ಬಿಟ್ಟು ಅಂಚಿಗೆ ಟೇಪ್ ಅಂಟಿಸಿ, ಗಾಜಿನ ಕಡ್ಡಿಯಿಂದ ಪೇಸ್ಟನ್ನು ಒಂದೇ ಎಳೆತಕ್ಕೆ ಹರಡಬೇಕು. ಒಣಗಿದ ಮೇಲೆ ಟೇಪ್ ತೆಗೆದು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಸುಡಬೇಕು. ಪದರ ಈ ನಡುವೆ ಕಂದು ಬಣ್ಣಕ್ಕೆ ತಿರುಗಿ ಮತ್ತೆ ಬೆಳ್ಳಗಾದರೆ ಟ್ರೈಟಾನ್ ಪೂರ್ತಿ ಸುಟ್ಟಿದೆ ಎಂದರ್ಥ. ಕುಲುಮೆಯಲ್ಲೇ ನಿಧಾನವಾಗಿ ಆರಲಿ. ದಪ್ಪ ಹಚ್ಚಿದರೆ ಬಿರುಕು ಬಿಟ್ಟು ಹಾಳೆಯಂತೆ ಏಳುತ್ತದೆ. ತೆಳುವಾಗಿ ಎರಡು ಸಲ ಹಚ್ಚುವುದೇ ಮೇಲು.

ಅತಿ ಹೆಚ್ಚು ಮೋಸ ಮಾಡುವುದು ತಂತಿಯ ಜೋಡಣೆ. ತಾಮ್ರ ದ್ರಾವಣಕ್ಕೆ ತಾಗಿದರೆ ಅದೇ ಕರಗುತ್ತಾ ಕರೆಂಟ್ ಕೊಡುತ್ತದೆ, ಕೋಶ ಚೆನ್ನಾಗಿ ನಡೆಯುತ್ತಿದೆ ಎಂದು ನಾವು ನಂಬುತ್ತೇವೆ. ಬೆಳ್ಳಿ ಪೇಸ್ಟಿನಿಂದ ಅಂಟಿಸಿ, ಮೇಲೆ ಎಪಾಕ್ಸಿ ಮುಚ್ಚಿ, ಕತ್ತಲೆಯಲ್ಲಿ ಕರೆಂಟ್ ಸೊನ್ನೆಯ ಹತ್ತಿರ ಇಳಿಯುತ್ತದೆಯೇ ನೋಡಿ. ಇಳಿಯದಿದ್ದರೆ ಮುಂದೆ ಹೋಗುವುದು ವ್ಯರ್ಥ.

ಕ್ಯಾಥೋಡ್ ಪ್ಲಾಟಿನಂ ಲೇಪಿಸಿದ ಇಂಗಾಲದ ಬಟ್ಟೆ. ಗಾಳಿಗುಳ್ಳೆ ಅದರ ಬದಿಗಷ್ಟೇ ಇರಲಿ; ಆನೋಡಿನ ಬಳಿ ಆಮ್ಲಜನಕ ಹೆಚ್ಚಿದರೆ ಎಲೆಕ್ಟ್ರಾನನ್ನು ಅಲ್ಲೇ ಕಸಿದುಕೊಂಡು ಕರೆಂಟ್ ಕುಗ್ಗಿಸುತ್ತದೆ. ದ್ರಾವಣ 100 ಮಿಲಿ: ಲೀಟರಿಗೆ 14.2 ಗ್ರಾಂ ಜಲರಹಿತ ಸೋಡಿಯಂ ಸಲ್ಫೇಟ್ (0.1 ಮೋಲಾರ್), 10 ಮಿಲಿಗ್ರಾಂ ಮೆಥಿಲೀನ್ ಬ್ಲೂ (ಇಲ್ಲಿ ಮಾಲಿನ್ಯವಾಗಿ ಬಳಸುವ ನೀಲಿ ಬಣ್ಣ). ಅಡುಗೆ ಉಪ್ಪು ಹಾಕಬೇಡಿ, ಕ್ಲೋರೈಡಿನಿಂದ ಕ್ಲೋರಿನ್ ಸಂಯುಕ್ತಗಳು ಹುಟ್ಟಿ ಫಲಿತಾಂಶ ಕೆಡುತ್ತದೆ. ಬೈಕಾರ್ಬನೇಟ್ ಇರುವ ಕೊಳವೆಬಾವಿ ನೀರೂ ಬೇಡ, ಅದು ಮಾಲಿನ್ಯ ಒಡೆಯುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ನುಂಗುತ್ತದೆ. ನೀರಿನ ಬಣ್ಣ ಗಾಢವಾಗಿದ್ದರೆ ಬೆಳಕನ್ನು ಗಾಜಿನ ಬೆನ್ನ ಕಡೆಯಿಂದ ಬಿಡಿ.

ದೀಪ ಹಚ್ಚುವ ಮುನ್ನ ಕತ್ತಲೆಯಲ್ಲಿ 30 ನಿಮಿಷ ಕಲಕಬೇಕು. ಇಲ್ಲವಾದರೆ ಪದರಕ್ಕೆ ಅಂಟಿಕೊಂಡ ಬಣ್ಣವನ್ನೂ ಒಡೆದದ್ದೆಂದು ಎಣಿಸಿಬಿಡುತ್ತೇವೆ. ಆಮೇಲೆ 100 ಕಿಲೋಓಮ್‌ನಿಂದ 100 ಓಮ್‌ವರೆಗೆ ರೆಸಿಸ್ಟರ್ ಬದಲಿಸುತ್ತಾ, ವೋಲ್ಟೇಜ್ ನಿಂತ ಮೇಲಷ್ಟೇ ಬರೆದುಕೊಳ್ಳಿ. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ಶಕ್ತಿ. ಇದರ ಜೊತೆಗೆ ಪದರವಿಲ್ಲದೆ ಬೆಳಕು ಮಾತ್ರ, ಪದರ ಕತ್ತಲೆಯಲ್ಲಿ, ತಂತಿ ಬಿಚ್ಚಿ ಬೆಳಕಿನಲ್ಲಿ, ಈ ಮೂರು ಹೋಲಿಕೆಗಳು ಬೇಕೇ ಬೇಕು. ತಂತಿ ಬಿಚ್ಚಿದಾಗಲೂ ಬಣ್ಣ ಅದೇ ವೇಗದಲ್ಲಿ ಹೋದರೆ, ಶುದ್ಧೀಕರಣಕ್ಕೆ ಕೋಶದಿಂದ ಏನೂ ಸೇರಿಲ್ಲ.

ಬಣ್ಣ ಮಾಯವಾದದ್ದಕ್ಕೆ ಹಿಗ್ಗುವ ಮೊದಲು ಒಂದು ಲೆಕ್ಕ. 100 ಮಿಲಿಯಲ್ಲಿರುವ 1 ಮಿಲಿಗ್ರಾಂ ಮೆಥಿಲೀನ್ ಬ್ಲೂ ಪೂರ್ತಿ ಇಂಗಾಲದ ಡೈಆಕ್ಸೈಡ್, ನೈಟ್ರೇಟ್, ಸಲ್ಫೇಟ್ ಆಗಲು ಸುಮಾರು 31 ಕೂಲಂಬ್ ವಿದ್ಯುದಾವೇಶ ಬೇಕು, ಅಂದರೆ 1 ಮಿಲಿಆಂಪಿಯರ್ ಕರೆಂಟ್ ಎಂಟೂವರೆ ಗಂಟೆ ಹರಿಯಬೇಕು. ನಿಮ್ಮ ಕೋಶ ಕೊಟ್ಟದ್ದು 2 ಕೂಲಂಬ್ ಆಗಿದ್ದರೆ, ಉಳಿದ ಕೆಲಸ ತಂತಿಯ ಹೊರಗೆ ನಡೆದಿದೆ, ಇಲ್ಲವೇ ನಡೆದೇ ಇಲ್ಲ. ಆಮ್ಲಜನಕ ಕಡಿಮೆಯಿದ್ದಲ್ಲಿ ಮೆಥಿಲೀನ್ ಬ್ಲೂ ಬಣ್ಣವಿಲ್ಲದ ಲ್ಯೂಕೋ ರೂಪಕ್ಕೂ ತಿರುಗುತ್ತದೆ. ತೆಗೆದ ಮಾದರಿಗೆ ಗಾಳಿ ಹಾಯಿಸಿ. ನೀಲಿ ಮರಳಿ ಬಂದರೆ ಅಣು ಒಡೆದಿರಲಿಲ್ಲ. 664 ನ್ಯಾನೋಮೀಟರಿನಲ್ಲಿ ನೀರು ಎಷ್ಟು ಬೆಳಕು ಹೀರುತ್ತದೆ ಎಂಬ ಓದು ಬಣ್ಣದ ಕಥೆಯನ್ನಷ್ಟೇ ಹೇಳುತ್ತದೆ. ಅದರ ಜೊತೆಗೆ ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ) ಅಥವಾ ಟಿಒಸಿ (ಒಟ್ಟು ಸಾವಯವ ಇಂಗಾಲ) ಅಳತೆ ಇಲ್ಲದೆ ನೀರು ಶುದ್ಧವಾಯಿತೆಂದು ನಾನು ಬರೆಯುವುದಿಲ್ಲ.