ಫ್ರೆಂಚಲ್ಲಿ ಈರುಳ್ಳಿ ಕೇಳೋದು ಹೇಗೆ?

ಪುಣೆಗೆ ಬಂದ ಹೊಸದರಲ್ಲಿ ನಾನು ಮರಾಠಿ ಕಲಿತದ್ದು ಫುಲೆ ಮಂಡಯಿ ಮಾರುಕಟ್ಟೆಯ ತರಕಾರಿ ಮಾವಶಿಯರ ಹತ್ತಿರ. "ಮಾವಶಿ, ಪಾವ್ ಕಿಲೋ ಭೇಂಡಿ ದ್ಯಾ." ಅಂದರೆ, ಚಿಕ್ಕಮ್ಮ, ಕಾಲು ಕಿಲೋ ಬೆಂಡೆಕಾಯಿ ಕೊಡಿ. ಇಷ್ಟು ಬಂದರೆ ಸಾಕು, ಅಡುಗೆಮನೆ ನಡೆಯುತ್ತದೆ. ಈಗ ಅಣ್ಣನ ಮಗಳು ಓದಲಿಕ್ಕೆ ಫ್ರಾನ್ಸಿನ ಲಿಯೋಂಗೆ ಹೊರಟಿದ್ದಾಳೆ, ದಿನವಿಡೀ ಕ್ರಿಯಾಪದ ಉರು ಹೊಡೆಯುತ್ತಾಳೆ. ಅದಿರಲಿ, ಮೊದಲು ಸಾಮಾನು ಕೇಳೋದು ಕಲಿ ಅಂದೆ.

ಅಂಗಡಿಗೆ ಹೋದ ತಕ್ಷಣ "ಬೋಂಜೂರ್" ಅನ್ನಬೇಕು. ನಮ್ಮಲ್ಲಿ ಹಾಗೆ ಯಾರೂ ನಮಸ್ಕಾರ ಹೇಳಿ ಕೊತ್ತಂಬರಿ ಕೇಳುವುದಿಲ್ಲ, ಆದರೆ ಅಲ್ಲಿ ಅದಿಲ್ಲದೆ ನೇರ ಬೆಲೆ ಕೇಳಿದರೆ ಒರಟು ಅನ್ನಿಸುತ್ತದೆ. ಆಮೇಲೆ "ಜ ವುದ್ರೆ", ಅಂದರೆ ನನಗೆ ಬೇಕಿತ್ತು. ಕೊನೆಗೆ "ಸಿಲ್ ವು ಪ್ಲೆ", ದಯವಿಟ್ಟು.

ನಡುವೆ ಬರುವುದು ಅಳತೆ, ಆಮೇಲೆ "ದ", ಆಮೇಲೆ ಸಾಮಾನು. "ಅಂ ಕಿಲೋ ದ ತೊಮಾತ್", ಒಂದು ಕಿಲೋ ಟೊಮೆಟೊ. ಅರ್ಧ ಕಿಲೋಗೆ "ಯೂನ್ ಲೀವ್ರ್". ನಮ್ಮ ಪಾವ್ ಕಿಲೋಗೆ "ಯೂನ್ ದಮಿ ಲೀವ್ರ್", ಅದರ ಅರ್ಧ. ಸೊಪ್ಪಿನ ಒಂದು ಕಟ್ಟು ಅನ್ನೋಕೆ "ಯೂನ್ ಬೊತ್". ಸಾಮಾನಿನ ಹೆಸರು ಸ್ವರದಿಂದ ಶುರುವಾದರೆ "ದ" ಅದಕ್ಕೇ ಅಂಟಿಕೊಳ್ಳುತ್ತದೆ: ಈರುಳ್ಳಿ "ಓನ್ಯೋಂ", ಅರ್ಧ ಕಿಲೋ ಈರುಳ್ಳಿ "ಯೂನ್ ಲೀವ್ರ್ ದೊನ್ಯೋಂ". ನಮ್ಮ ಸಂಧಿಯೇ ಅಲ್ವಾ? ಆಲೂಗಡ್ಡೆಗೆ "ಪೊಮ್ ದ ತೆರ್", ನೆಲದ ಸೇಬು!

ಕೆಲವು ಹೆಸರು ಮೋಸ ಮಾಡುತ್ತವೆ. "ಸಿತ್ರೋಂ" ಅಂದರೆ ದೊಡ್ಡ ಹಳದಿ ಲೆಮನ್, ಚಿತ್ರಾನ್ನಕ್ಕೆ ನಮ್ಮ ನಿಂಬೆಯಂಥದ್ದು ಬೇಕಿದ್ದರೆ "ಸಿತ್ರೋಂ ವೆರ್" ಅನ್ನಿ. "ರೆಜಾಂ" ಅಂದರೆ ತಾಜಾ ದ್ರಾಕ್ಷಿ, ಒಣದ್ರಾಕ್ಷಿ "ರೆಜಾಂ ಸೆಕ್". ಉಪ್ಪಿಟ್ಟಿನ ರವೆಗೆ "ಸಮೂಲ್", ಮಸೂರ್ ಬೇಳೆಗೆ "ಲಾಂತೀಯ್ ಕೊರಾಯ್". ಪ್ಯಾರಿಸಿಗೆ ಹೋದರೆ ಲಾ ಶಪೆಲ್ ಕಡೆ ತಮಿಳರ ಅಂಗಡಿಗಳಿವೆ, ಕರಿಬೇವು ಹುಡುಕಲು ಅಲ್ಲಿಗೇ ಹೋಗಿ.

ಇನ್ನೊಂದು, ನಾನೇ ಬೈಸಿಕೊಂಡದ್ದು. ಕೆಲಸದ ಮೇಲೆ ಲಿಯೋಂನಲ್ಲಿದ್ದಾಗ ಒಂದು ಭಾನುವಾರ ಸಂತೆಗೆ ಹೋಗಿ, ಇಲ್ಲಿನ ಅಭ್ಯಾಸದಂತೆ ಟೊಮೆಟೊ ಒಂದೊಂದೇ ಒತ್ತಿ ಒತ್ತಿ ಆರಿಸುತ್ತಿದ್ದೆ. ಮಾರುವವಳು ಏನೋ ಅಂದಳು, ಅರ್ಥವಾಗಲಿಲ್ಲ, ಕೈಯಿಂದ ಟೊಮೆಟೊ ಕಿತ್ತುಕೊಂಡಾಗ ಅರ್ಥವಾಯಿತು. ಅಲ್ಲಿ ಸಂತೆಯಲ್ಲಿ ಸಾಮಾನ್ಯವಾಗಿ ಅವರೇ ಆರಿಸಿ ಕೊಡುತ್ತಾರೆ. ಸೂಪರ್‌ಮಾರ್ಕೆಟ್ಟಾದರೆ ನೀವೇ ತೆಗೆದುಕೊಳ್ಳಬಹುದು.

ಒಂದು ಸಾಮಾನು ಕೊಟ್ಟ ಮೇಲೆ "ಆವೆಕ್ ಸಸಿ?" ಅಂತಾರೆ, ಇದರ ಜೊತೆಗೆ ಇನ್ನೇನು ಅಂತ. ಸುಮ್ನೆ ತಲೆಯಾಡಿಸಬೇಡಿ. ಬೇಕಿದ್ದರೆ ಮುಂದಿನದು ಹೇಳಿ, ಇಲ್ಲದಿದ್ದರೆ "ಸೆ ತು, ಮೆರ್ಸಿ". ಚೀಲ ಮನೆಯಿಂದಲೇ ಒಯ್ಯಿರಿ, ಗಲ್ಲಾದಲ್ಲಿ ತೆಳು ಪ್ಲಾಸ್ಟಿಕ್ ಚೀಲ ಕೊಡುವುದು 2016ರ ಜುಲೈಯಿಂದ ಅಲ್ಲಿ ಬಂದ್.

ಎಷ್ಟಾಯಿತು ಅನ್ನೋಕೆ "ಸಾ ಫೆ ಕೊಂಬಿಯಾಂ?" ಕೇಳೋದು ಸುಲಭ, ಉತ್ತರ ಕಷ್ಟ. ಅವರ 75 ಅಂದರೆ ಅರವತ್ತು-ಹದಿನೈದು, 80 ನಾಲ್ಕು-ಇಪ್ಪತ್ತು, 95 ನಾಲ್ಕು-ಇಪ್ಪತ್ತು-ಹದಿನೈದು. ಲೆಕ್ಕ ಹಾಕುವಷ್ಟರಲ್ಲಿ ಹಿಂದಿನವರು ಕೆಮ್ಮುತ್ತಾರೆ. ತಕ್ಕಡಿಯ ಪರದೆ ನೋಡಿ ಕೊಟ್ಟುಬಿಡಿ, ನಾನೂ ಅದನ್ನೇ ಮಾಡುತ್ತಿದ್ದೆ.