ದರೋಡೆ ಸಿನಿಮಾದ ಹಳೇ ಸೂತ್ರಗಳು: ನನ್ನ ಚಿತ್ರಕಥೆಯಲ್ಲಿ ಉಳಿದದ್ದು, ಹೋದದ್ದು

ಬ್ಯಾಂಕ್ ದರೋಡೆ ಸಿನಿಮಾ ಅಂದ ಕೂಡಲೇ ಕಣ್ಣ ಮುಂದೆ ಬರುವ ಸೀನ್‌ಗಳು ಎಲ್ಲರಿಗೂ ಗೊತ್ತು. ಕಸುಬು ಬಿಟ್ಟು ತೆಪ್ಪಗಿದ್ದ ಹಳೇ ಕಳ್ಳನನ್ನು ಯಾರೋ ಹುಡುಕಿಕೊಂಡು ಬರುತ್ತಾರೆ. ‘ಇದೊಂದೇ ಸಲ’ ಅನ್ನುತ್ತಾರೆ. ಅವನು ಒಬ್ಬೊಬ್ಬರನ್ನೇ ಸೇರಿಸಿ ತಂಡ ಕಟ್ಟುತ್ತಾನೆ. ಮೇಜಿನ ಮೇಲೆ ನಕ್ಷೆ ಬಿಚ್ಚಿಕೊಳ್ಳುತ್ತದೆ. ಮುಖವಾಡ, ಗನ್, ‘ಎಲ್ಲರೂ ನೆಲದ ಮೇಲೆ ಮಲಗಿ’ ಅನ್ನುವ ಕೂಗು. ಆಮೇಲೆ ಹಣ ಹಂಚಿಕೊಳ್ಳುವಾಗ ಜಗಳ. ಇಂಥದ್ದೇ ಒಂದು ಚಿತ್ರಕಥೆ ಬರೆಯಲು ಕೂತಾಗ ನಾನು ಇವನ್ನೆಲ್ಲ ಒಂದು ಹಾಳೆಯಲ್ಲಿ ಪಟ್ಟಿ ಮಾಡಿದೆ. ಬಿಟ್ಟುಬಿಡೋಣ ಅಂತಲ್ಲ. ಪ್ರತಿಯೊಂದರ ಪಕ್ಕದಲ್ಲೂ ಅದು ಕಥೆಯಲ್ಲಿ ಏನು ಕೆಲಸ ಮಾಡುತ್ತದೆ ಅಂತ ಬರೆದುಕೊಂಡೆ.

ಒಂದು ಸೀನ್ ಹತ್ತಾರು ಸಿನಿಮಾಗಳಲ್ಲಿ ಬಂದಿದೆ ಅಂದರೆ, ಅದು ಯಾವುದೋ ಕಷ್ಟಕ್ಕೆ ಯಾರೋ ಬರಹಗಾರ ಕಂಡುಕೊಂಡ ದಾರಿ. ಆ ಕಷ್ಟ ನನ್ನ ಕಥೆಯಲ್ಲೂ ಇದ್ದರೆ ಆ ದಾರಿ ನನಗೂ ಬೇಕು. ಇಲ್ಲದಿದ್ದರೆ ಬೇಡ. ಸವಕಲು ಅನ್ನುವ ಒಂದೇ ಕಾರಣಕ್ಕೆ ನಾನು ಯಾವುದನ್ನೂ ತೆಗೆಯಲಿಲ್ಲ.

ನನ್ನ ಕಥೆ ಚಿಕ್ಕದು. ಒಂದು ಬ್ಯಾಂಕ್ ಶಾಖೆ, ಒಂದು ಬೆಳಗ್ಗೆ, ನಾಲ್ವರು ದರೋಡೆಕೋರರು. ತಿಜೋರಿ ರಿಪೇರಿ ಮಾಡುವ ಮೆಕ್ಯಾನಿಕ್, ಅವನ ತಮ್ಮ, ಕೆಲಸ ಕಳೆದುಕೊಂಡ ಒಬ್ಬ ಸೆಕ್ಯುರಿಟಿ ಗಾರ್ಡ್, ಕಾರು ಓಡಿಸುವ ಒಬ್ಬ ಹೆಂಗಸು. ಅವರ ಎದುರಿಗೆ ಬ್ಯಾಂಕಿನ ಹೆಡ್ ಕ್ಯಾಷಿಯರ್, ಅವಳೂ ಹೆಂಗಸೇ.

‘ಇದೊಂದೇ ಸಲ’ ಮೊದಲು ಹೋಯಿತು. ಕಳ್ಳನ ಮೇಲೆ ನಮಗೆ ಕನಿಕರ ಬರಲಿ ಅಂತ ಇರುವ ಸೂತ್ರ ಅದು. ನನ್ನ ನಾಲ್ವರೂ ಹಿಂದೆ ಯಾವತ್ತೂ ಕದ್ದವರಲ್ಲ. ಮೊದಲ ಸಲದ ಭಯವೇ ಕನಿಕರಕ್ಕೆ ಸಾಕು. ತಂಡ ಕಟ್ಟುವ ಸೀನ್‌ಗಳೂ ಹೋದವು, ಇವರು ಮೊದಲೇ ಪರಿಚಯದವರು.

ಜಾಸ್ತಿ ತಲೆ ತಿಂದದ್ದು ಪ್ಲಾನ್ ಹೇಳುವ ಸೀನ್. ಇದರಲ್ಲಿ ಒಂದು ಲೆಕ್ಕ ಇದೆ, ನೋಡುವವರಿಗೂ ಅದು ಒಳಗೊಳಗೇ ಗೊತ್ತಿರುತ್ತದೆ. ಪ್ಲಾನನ್ನು ಮೊದಲೇ ಬಿಡಿಸಿ ಹೇಳಿದರೆ ಅದು ಕೆಡುತ್ತದೆ. ಹೇಳದೆ ಮುಚ್ಚಿಟ್ಟರೆ ಗೆಲ್ಲುತ್ತದೆ. ಯಾಕೆಂದರೆ ಕೇಳಿದ್ದನ್ನೇ ಮತ್ತೆ ಕಣ್ಣಾರೆ ನೋಡುವುದು ಬೇಜಾರು. ಹಾಗಾಗಿ ನಕ್ಷೆಯ ಮೇಲೆ ಬೆರಳಿಟ್ಟು ಯಾರಾದರೂ ಮಾತು ಶುರು ಮಾಡಿದರೆ, ಎಲ್ಲಿ ತಪ್ಪುತ್ತದೆ ಅಂತ ನಾವು ಕಾಯಲು ಶುರು ಮಾಡುತ್ತೇವೆ. ಅರ್ಧಕ್ಕೇ ಕಟ್ ಮಾಡಿದರೆ ಏನೋ ಟ್ವಿಸ್ಟ್ ಇದೆ ಅಂತ ಗೊತ್ತಾಗಿಬಿಡುತ್ತದೆ. ಎರಡೂ ಕಡೆ ಬರಹಗಾರನ ಕೈ ಕಾಣುತ್ತದೆ, ಅಲ್ವಾ?

ನಾನು ಪ್ಲಾನ್ ಮತ್ತು ದರೋಡೆ ಎರಡನ್ನೂ ಹೆಣೆದೆ. ಮೆಕ್ಯಾನಿಕ್ ಹಿಂದಿನ ರಾತ್ರಿ ಹೇಳಿದ ಮಾತು ಕೇಳಿಸುತ್ತಿರುತ್ತದೆ, ತೆರೆಯ ಮೇಲೆ ದರೋಡೆ ನಡೆಯುತ್ತಿರುತ್ತದೆ. ‘ಬಾಗಿಲಲ್ಲಿ ಗಾರ್ಡ್ ಒಬ್ಬನೇ ಇರ್ತಾನೆ’ ಅನ್ನುವಾಗ ಗಾರ್ಡಿನ ಪಕ್ಕದಲ್ಲಿ ಒಂದು ಮಗು ಕೂತಿರುವುದು ಕಾಣುತ್ತದೆ. ‘ಆ ಹೊತ್ತಿಗೆ ಗಿರಾಕಿಗಳು ಕಮ್ಮಿ’ ಅನ್ನುವಾಗ ಒಳಗೆ ಉದ್ದ ಸಾಲು. ಮಾತಿಗೂ ಚಿತ್ರಕ್ಕೂ ನಡುವಿನ ಅಂತರ ಮೆಲ್ಲಗೆ ಹೆಚ್ಚುತ್ತದೆ. ದರೋಡೆಕೋರರಿಗಿಂತ ಮೊದಲು ನೋಡುವವರಿಗೆ ಅದು ತಿಳಿಯುತ್ತದೆ. ನನಗೆ ಬೇಕಿದ್ದದ್ದು ಆ ಕಳವಳ. ಅಚ್ಚರಿ ಒಂದು ಕ್ಷಣಕ್ಕೆ ಮುಗಿಯುತ್ತದೆ, ಕಳವಳ ಹಾಗಲ್ಲ.

ಪ್ಲಾನ್ ಸೀನಿಗೆ ಇನ್ನೊಂದು ಕೆಲಸವೂ ಇದೆ: ಬೀಗ, ಅಲಾರಾಂ ಹೇಗೆ ಕೆಲಸ ಮಾಡುತ್ತವೆ ಅಂತ ಮೊದಲೇ ಹೇಳಿಕೊಡುವುದು. 1955ರ ‘ರಿಫಿಫಿ’ ಸಿನಿಮಾದಲ್ಲಿ ಕಳ್ಳತನದ ಭಾಗ ಸುಮಾರು ಅರ್ಧ ಗಂಟೆ ಇದೆ. ಅಷ್ಟು ಹೊತ್ತೂ ಮಾತಿಲ್ಲ, ಸಂಗೀತವಿಲ್ಲ. ಅಲ್ಲಿ ಕಳ್ಳರು ಹೊಕ್ಕಿದ್ದು ಒಡವೆ ಅಂಗಡಿಗೆ, ಆದರೆ ಪಾಠ ಒಂದೇ. ಆ ಅಂಗಡಿಯಲ್ಲಿರುವಂಥದ್ದೇ ಅಲಾರಾಂ ತಂದು ಅದನ್ನು ಹೇಗೆ ಸುಮ್ಮನಾಗಿಸಬೇಕು ಅಂತ ಅವರು ಮೊದಲೇ ಪ್ರಯೋಗ ಮಾಡುವುದನ್ನು ನಾವು ನೋಡಿರುತ್ತೇವೆ. ಅದಕ್ಕೇ ಆಮೇಲೆ ಮೌನ ಅರ್ಥವಾಗುತ್ತದೆ. ನಾನೂ ನನ್ನ ತಿಜೋರಿಯ ಬೀಗದ ವಿಷಯವನ್ನು ಕಥೆಯ ಶುರುವಿನಲ್ಲೇ ಹೇಳಿದೆ. ಮೆಕ್ಯಾನಿಕ್ ಬೇರೊಂದು ಕಡೆ ರಿಪೇರಿ ಮಾಡುತ್ತಾ ತಮ್ಮನಿಗೆ ವಿವರಿಸುತ್ತಾನೆ. ಆಗ ಅದು ಬರೀ ಕೆಲಸದ ಮಾತು.

ಆ ಬೀಗದಿಂದಲೇ ನನಗೆ ಕಥೆಯ ಗಡಿಯಾರವೂ ಸಿಕ್ಕಿತು. ಇಂಥ ಸಿನಿಮಾಗಳಲ್ಲಿ ಒಂದು ಗಡುವು ಇರಲೇಬೇಕು: ಬಾಂಬು, ಬರುತ್ತಿರುವ ಪೊಲೀಸ್, ಹೊರಡುವ ರೈಲು. ಇವೆಲ್ಲ ಹೊರಗಿನಿಂದ ತಂದಿಟ್ಟದ್ದು ಅನ್ನಿಸುತ್ತಿತ್ತು. ಬ್ಯಾಂಕಿನ ಒಳಗೇ ಗಡುವು ಹುಡುಕೋಣ ಅಂತ ಬೀಗಗಳ ಚರಿತ್ರೆ ಓದಿದೆ. ಅಮೆರಿಕದಲ್ಲಿ 19ನೇ ಶತಮಾನದ ದರೋಡೆಕೋರರು ರಾತ್ರಿ ಹೊತ್ತು ಕ್ಯಾಷಿಯರ್ ಮನೆಗೇ ನುಗ್ಗಿ, ಮನೆಯವರನ್ನು ಹೆದರಿಸಿ, ಅವನಿಂದಲೇ ತಿಜೋರಿ ತೆಗೆಸುತ್ತಿದ್ದರು. 1873ರಲ್ಲಿ ಜೇಮ್ಸ್ ಸಾರ್ಜೆಂಟ್ ಟೈಮ್ ಲಾಕ್ ತಂದ. ಇಟ್ಟ ಹೊತ್ತು ಆಗುವ ತನಕ ಬೀಗದ ಗುಟ್ಟು ಗೊತ್ತಿದ್ದವನೂ ಬಾಗಿಲು ತೆಗೆಯಲಾರ. ಇದೇ ಜಾತಿಯ ಇನ್ನೊಂದು ಬೀಗ ಇದೆ: ಸರಿಯಾದ ನಂಬರ್ ಒತ್ತಿದ ಮೇಲೂ ಕೆಲವು ನಿಮಿಷ ಕಾಯಿಸಿಯೇ ತೆರೆಯುತ್ತದೆ. ದರೋಡೆಕೋರರಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಗನ್ ತೋರಿಸಿದರೆ ಮನುಷ್ಯ ಬೇಗ ಕೈ ಆಡಿಸುತ್ತಾನೆ, ಬೀಗ ಆಡಿಸುವುದಿಲ್ಲ.

ನನ್ನ ಚಿತ್ರಕಥೆಯಲ್ಲಿ ಆ ಕಾಯುವಿಕೆ 12 ನಿಮಿಷ. ತೆರೆಯ ಮೇಲೂ ಅದು ಕಟ್ ಇಲ್ಲದ ಲೆಕ್ಕದಲ್ಲಿ 12 ನಿಮಿಷವೇ ಓಡಬೇಕು ಅಂತ ಬರೆದೆ. ಆ 12 ನಿಮಿಷದಲ್ಲಿ ಮಾಡಲು ಯಾರಿಗೂ ಏನೂ ಇಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಬೇಕು. ಇಡೀ ಸಿನಿಮಾದ ಜೀವ ಇರುವುದು ಅಲ್ಲಿ.

ಕೌಂಟರ್ ಕೆಳಗಿನ ಗುಂಡಿಯನ್ನು ಕಾಲಿನಿಂದ ಒತ್ತುವ ನೌಕರ ನಿಮಗೆ ಗೊತ್ತೇ ಇದ್ದಾನೆ. ಆ ಪಾತ್ರದ ಕೆಲಸ ಪೊಲೀಸರನ್ನು ಕರೆಸುವುದು. ಅಷ್ಟಕ್ಕೆ ಮಾತ್ರ ಒಬ್ಬ ಮನುಷ್ಯನನ್ನು ಬಳಸುವುದು ನನಗೆ ಸರಿ ಕಾಣಲಿಲ್ಲ. 1876ರ ಸೆಪ್ಟೆಂಬರ್ 7ರಂದು ಮಿನ್ನೆಸೋಟದ ನಾರ್ತ್‌ಫೀಲ್ಡ್‌ನಲ್ಲಿ ಜೇಮ್ಸ್-ಯಂಗರ್ ತಂಡ ಬ್ಯಾಂಕಿಗೆ ನುಗ್ಗಿತು. ಒಳಗಿದ್ದ ಜೋಸೆಫ್ ಲೀ ಹೇವುಡ್ ಅನ್ನುವ ನೌಕರ ಟೈಮ್ ಲಾಕ್ ಇದೆ, ತೆಗೆಯಲಾಗದು ಅಂದ. ಹೊಡೆದರೂ ಬಾಗಿಲು ತೆಗೆಯಲಿಲ್ಲ. ಕೊನೆಗೆ ಅವನನ್ನು ಗುಂಡಿಟ್ಟು ಕೊಂದರು. ಹೊರಗೆ ಊರ ಜನ ಬಂದೂಕು ಹಿಡಿದು ನಿಂತು ತಂಡವನ್ನು ಚೆದುರಿಸಿಬಿಟ್ಟರು. ಒಂದು ಮಾತಿನ ಬಲದ ಮೇಲೆ ಒಬ್ಬ ಮನುಷ್ಯ ತಿಜೋರಿಯ ಮುಂದೆ ನಿಂತಿದ್ದ. ಇದನ್ನು ಓದಿದ ದಿನವೇ ನನ್ನ ಹೆಡ್ ಕ್ಯಾಷಿಯರ್ ಪಾತ್ರ ಎದ್ದು ಕೂತಿತು.

ಅವಳು ಗುಂಡಿ ಒತ್ತುವುದಿಲ್ಲ. 12 ನಿಮಿಷ ಮುಗಿದಿರುತ್ತದೆ, ಅವಳು ‘ಇನ್ನೂ ಆಗಿಲ್ಲ’ ಅನ್ನುತ್ತಾಳೆ. ಅಷ್ಟೇ. ತಮ್ಮ ನಂಬುತ್ತಾನೆ, ದರೋಡೆ ತಂಡದಲ್ಲಿರುವ ಗಾರ್ಡ್ ನಂಬುತ್ತಾನೆ. ಆದರೆ ಮೆಕ್ಯಾನಿಕ್‌ಗೆ ಬೀಗ ಬಿಟ್ಟುಕೊಂಡ ಸಣ್ಣ ಸದ್ದು ಕೇಳಿಸಿದೆ. ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತ ಗೊತ್ತಿದ್ದೂ ಅವನು ಸುಮ್ಮನಿರುತ್ತಾನೆ. ಬಾಗಿಲ ಹತ್ತಿರದ ಮಗು ಅವನನ್ನೇ ನೋಡುತ್ತಿದೆ. ತಂಡದೊಳಗಿನ ದ್ರೋಹಿ ಅನ್ನುವ ಹಳೇ ಸೂತ್ರ ನನ್ನ ಕಥೆಗೆ ಬಂದದ್ದು ಹೀಗೆ. ಇಲ್ಲಿ ದುಡ್ಡಿಗಾಗಿ ಕೈಕೊಟ್ಟವರು ಯಾರೂ ಇಲ್ಲ. ಪ್ಲಾನ್ ಮಾಡಿದವನೇ ಅದನ್ನು ಒಳಗಿನಿಂದ ನಿಲ್ಲಿಸುತ್ತಾನೆ, ತಮ್ಮನ ಪಾಲಿಗೆ ಅದು ದ್ರೋಹವೇ.

ಒತ್ತೆಯಾಳಿಗೂ ದರೋಡೆಕೋರನಿಗೂ ನಡುವೆ ಒಲವು ಹುಟ್ಟುವುದು ಇನ್ನೊಂದು ಸೂತ್ರ. ಅದರ ಬೇರು 1973ರ ಆಗಸ್ಟ್‌ನಲ್ಲಿ ಸ್ಟಾಕ್‌ಹೋಮ್‌ನ ಒಂದು ಬ್ಯಾಂಕಿನಲ್ಲಿ ನಡೆದ ಘಟನೆ. ಆಗಸ್ಟ್ 23ರಿಂದ 28ರವರೆಗೆ ನಾಲ್ವರು ನೌಕರರು ಒತ್ತೆಯಾಳಾಗಿದ್ದರು. ಅವರಲ್ಲಿ ಒಬ್ಬಳು ಪ್ರಧಾನಿಯ ಜೊತೆಗೇ ಫೋನಿನಲ್ಲಿ ಮಾತಾಡಿ, ದರೋಡೆಕೋರರ ಜೊತೆ ನಮ್ಮನ್ನು ಹೊರಗೆ ಬಿಡಿ ಅಂತ ಕೇಳಿದಳು. ಸಿನಿಮಾಗಳು ಇದನ್ನು ಪ್ರೇಮ ಮಾಡಿಕೊಂಡವು. ನನಗೆ ಅದರಲ್ಲಿ ಕಂಡದ್ದು ಲೆಕ್ಕಾಚಾರ: ಪೊಲೀಸರು ನುಗ್ಗಿದರೆ ಮೊದಲು ಸಾಯುವವರು ತಾವೇ ಅನ್ನುವ ಭಯ. ಹಾಗಾಗಿ ನನ್ನ ಕ್ಯಾಷಿಯರ್ ಮೆಕ್ಯಾನಿಕ್ ಜೊತೆ ಮೆತ್ತಗೆ ಮಾತಾಡುವಾಗಲೂ ಸುತ್ತಲಿನ ಜನರ ಜೀವವನ್ನೇ ಎಣಿಸುತ್ತಿರುತ್ತಾಳೆ.

ಕೊನೆಗೆ ಸಿಕ್ಕಿಬೀಳಲೇಬೇಕು ಅನ್ನುವುದು ಎಲ್ಲಿಂದ ಬಂತು ಗೊತ್ತಾ? ಹಾಲಿವುಡ್‌ನಲ್ಲಿ 1930ರಲ್ಲಿ ಬರೆದು 1934ರಿಂದ ಬಿಗಿಯಾಗಿ ಜಾರಿಗೆ ತಂದ ಒಂದು ನಿಯಮಾವಳಿ ಇತ್ತು. ನೋಡುವವರ ಕನಿಕರ ಅಪರಾಧದ ಕಡೆ ವಾಲಬಾರದು. ಕಳ್ಳತನ, ದರೋಡೆ, ತಿಜೋರಿ ಒಡೆಯುವ ವಿಧಾನವನ್ನು ವಿವರವಾಗಿ ತೋರಿಸಬಾರದು. 1968ರಲ್ಲಿ ಆ ನಿಯಮಗಳು ಹೋಗಿ ವಯಸ್ಸಿನ ಸರ್ಟಿಫಿಕೇಟ್ ಪದ್ಧತಿ ಬಂತು. ಆದರೆ ಗಾಳಿಗೆ ಹಾರುವ ನೋಟು, ಸಣ್ಣ ಎಡವಟ್ಟಿನಿಂದ ಕೆಡುವ ದರೋಡೆ ಹಾಗೇ ಉಳಿದವು. ಹೊರಗಿನ ಒತ್ತಾಯಕ್ಕೆ ಹುಟ್ಟಿದ ಮುಕ್ತಾಯ ಅದು. ನನಗೆ ಅಂಥ ಒತ್ತಾಯ ಇರಲಿಲ್ಲ. ನನ್ನವರೂ ಸಿಕ್ಕಿಬೀಳುತ್ತಾರೆ, ಆದರೆ ಬೀಗದ ಸದ್ದು ಕೇಳಿಯೂ ಅಣ್ಣ ಸುಮ್ಮನಿದ್ದ ಆ ಹೊತ್ತಿನ ದೆಸೆಯಿಂದ. ನೋಟಿನ ಕಟ್ಟಿನಲ್ಲಿ ಅಡಗಿಸಿಟ್ಟ ಬಣ್ಣದ ಪೊಟ್ಟಣ ಬಾಗಿಲು ದಾಟಿದ ಮೇಲೆ ಸಿಡಿಯುವುದನ್ನೂ ಬರೆದಿದ್ದೆ. ನಿಜವಾಗಿ ಅಂಥ ಸಾಧನ ಇದೆ, ತೆರೆಯ ಮೇಲೆ ಚೆನ್ನಾಗಿಯೂ ಕಾಣುತ್ತದೆ. ಆದರೆ ಅದು ಇದ್ದರೆ ತಪ್ಪಿನ ಹೊರೆ ಅಣ್ಣನಿಂದ ಪೊಟ್ಟಣಕ್ಕೆ ಹೋಗುತ್ತದೆ. ತೆಗೆದೆ.

ಕಾರ್ ಚೇಸ್ ಇಲ್ಲ. 1950ರ ‘ಗನ್ ಕ್ರೇಜಿ’ಯಲ್ಲಿ ಒಂದು ದರೋಡೆಯನ್ನು ಕಾರಿನ ಹಿಂದಿನ ಸೀಟಿನಿಂದ ಒಂದೇ ಶಾಟ್‌ನಲ್ಲಿ ತೆಗೆದಿದ್ದಾರೆ, ಕ್ಯಾಮೆರಾ ಬ್ಯಾಂಕಿನ ಒಳಗೆ ಹೋಗುವುದೇ ಇಲ್ಲ. ಡ್ರೈವರ್ ಹೆಂಗಸಿನ ಪಾಲನ್ನು ನಾನು ಆ ಧೈರ್ಯದಿಂದಲೇ ಬರೆದೆ. ಒಳಗಿನ 12 ನಿಮಿಷ ಮುಗಿದ ಮೇಲೆ ಅದೇ ಹೊತ್ತನ್ನು ಅವಳ ಕಡೆಯಿಂದ ತೋರಿಸಿದೆ. ಅವಳಿಗೆ ಒಳಗಿನದು ಏನೂ ಗೊತ್ತಿಲ್ಲ, ನಮಗೆ ಎಲ್ಲ ಗೊತ್ತು. ಅವಳು ಹೊರಟುಹೋಗಬಹುದಿತ್ತು, ಹೋಗುವುದಿಲ್ಲ.

ಚಿತ್ರಕಥೆ ಈಗ ನಿರ್ದೇಶಕರ ಕೈಯಲ್ಲಿದೆ. ಮುಖವಾಡದ ವಿಷಯ ಮಾತ್ರ ನಮ್ಮಿಬ್ಬರ ನಡುವೆ ಇನ್ನೂ ತೀರ್ಮಾನವಾಗಿಲ್ಲ. ನೆನಪಲ್ಲಿ ಉಳಿಯುವ ಒಂದು ಮುಖವಾಡ ಬೇಕು, ಪೋಸ್ಟರ್‌ಗೆ ಅದೇ ಬಲ ಅಂತ ಅವರ ವಾದ. ಬೀಗದ ಸದ್ದು ಕೇಳಿದಾಗ ಮೆಕ್ಯಾನಿಕ್‌ನ ಮುಖ ಪೂರ್ತಿ ಕಾಣಬೇಕು ಅಂತ ನನ್ನದು. ಅವನು ಅದಕ್ಕೂ ಮೊದಲೇ ಮುಖವಾಡ ತೆಗೆಯುವಂಥ ಕಾರಣ ಕಥೆಯೊಳಗೇ ಸಿಕ್ಕರೆ ಇಬ್ಬರಿಗೂ ಒಪ್ಪಿಗೆ. ಆ ಮಗು ಮುಖವಾಡ ನೋಡಿ ಅಳಲು ಶುರು ಮಾಡಿದರೆ ಹೇಗೆ ಅಂತ ಈ ವಾರ ಬರೆದು ನೋಡುತ್ತಿದ್ದೇನೆ.